ಎಲೆಕ್ಟ್ರಿಕ್ ಕಾರಿಗೆ ಹೊರಗಿನ ಅಂಗಡಿಯಲ್ಲಿ ಡ್ಯಾಶ್‌ಕ್ಯಾಮ್ (ರಸ್ತೆಯ ವಿಡಿಯೋ ತೆಗೆಯುವ ಕ್ಯಾಮೆರಾ), ಹಾರ್ನ್ ಹಾಕಿಸಿದರೆ ಕಂಪನಿ ವಾರಂಟಿ ಹೋಗುತ್ತದೆಯೇ?

ಹಾಕಿಸಿ, ಆದರೆ ಕಂಪನಿಯ ವಯರ್ ಕತ್ತರಿಸಲು ಮಾತ್ರ ಬಿಡಬೇಡಿ. ನೀವು ಉಡುಪಿಯವರು ಅಂತ ಬರೆದಿದ್ದೀರಿ, ನಾನು ಸುರತ್ಕಲ್‌ನವನು. ನಮ್ಮ ಕಡೆಯ ಮಳೆ, ಉಪ್ಪುಗಾಳಿ ನೋಡಿಯೇ ಹೇಳುತ್ತಿದ್ದೇನೆ.

ಕಾರು ತೆಗೆದುಕೊಂಡ ಹೊಸದರಲ್ಲಿ ನಾನೂ ಹೊರಗಡೆ ಇವೆರಡನ್ನೂ ಹಾಕಿಸಿದ್ದೆ. ಮಳೆ ಜೋರಿರುವ ಆಟಿ ತಿಂಗಳ ಒಂದು ಬೆಳಿಗ್ಗೆ ಕಾರು ಆನ್ ಆಗಲೇ ಇಲ್ಲ. ರಾತ್ರಿ ನಿಲ್ಲಿಸುವಾಗ 80% ಚಾರ್ಜ್ ಇತ್ತು. ರಿಮೋಟ್ ಒತ್ತಿದರೆ ಬಾಗಿಲೂ ತೆರೆಯಲಿಲ್ಲ. ಸರ್ವಿಸ್ ಸೆಂಟರ್‌ನವರು ನನ್ನನ್ನೇ ಕರೆದು ಬಾನೆಟ್ ಒಳಗೆ ತೋರಿಸಿದರು. ಅಂಗಡಿಯವರು ಹಾರ್ನಿನ ವಯರ್ ಸುಲಿದು, ಅದಕ್ಕೆ ಇನ್ನೊಂದು ವಯರ್ ತಿರುಚಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗೆ ನೀರಿನ ಪಸೆ, ತಾಮ್ರವೆಲ್ಲ ಹಸಿರು ಕಟ್ಟಿತ್ತು. ಡ್ಯಾಶ್‌ಕ್ಯಾಮ್‌ಗೆ ಸಣ್ಣ ಬ್ಯಾಟರಿಯಿಂದ ನೇರ ಲೈನ್ ಎಳೆದಿದ್ದರು, ಫ್ಯೂಸ್ ಕೂಡ ಇಲ್ಲ. ರಾತ್ರಿಯಿಡೀ ಅದು ಕರೆಂಟ್ ಎಳೆಯುತ್ತಲೇ ಇತ್ತು.

ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಹೀಗೇಕೆ ಅಂತ ಅನ್ನಿಸಬಹುದು, ಅಲ್ವಾ? ಲೈಟು, ಹಾರ್ನು, ಬಾಗಿಲಿನ ಲಾಕ್, ಕಾರಿನ ಕಂಪ್ಯೂಟರ್‌ಗಳು ಎಲ್ಲ ನಡೆಯುವುದು 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚೂ ಅದರಿಂದಲೇ. ಅದು ಸತ್ತರೆ ಕಾರು ಎಚ್ಚರವೇ ಆಗುವುದಿಲ್ಲ.

ಆ 12 ವೋಲ್ಟಿನ ಬ್ಯಾಟರಿಗೂ ಹಾರ್ನಿನ ವಯರಿಂಗ್‌ಗೂ ನನಗೆ ವಾರಂಟಿ ಸಿಗಲಿಲ್ಲ, ಕೈಯಿಂದಲೇ ಕಟ್ಟಿದೆ. ಕೋಪ ಬಂದರೂ ಸರ್ವಿಸ್ ಸೆಂಟರ್‌ನವರ ಮಾತಲ್ಲಿ ತಪ್ಪಿರಲಿಲ್ಲ. ದೊಡ್ಡ ಬ್ಯಾಟರಿಯ ವಾರಂಟಿ ಹಾಗೇ ಉಳಿಯಿತು. ಅದು ಬಹಳಷ್ಟು ಕಾರುಗಳಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ಇರುತ್ತದೆ. ಸಾಮಾನ್ಯವಾಗಿ ವಾರಂಟಿ ಪುಸ್ತಕದಲ್ಲಿ ಬರೆದಿರುವುದೂ ಇಷ್ಟೇ: ಬದಲಾವಣೆಯಿಂದ ಹಾಳಾದದ್ದಕ್ಕೆ ಹೊಣೆ ಇಲ್ಲ. ನಿಮ್ಮ ಪುಸ್ತಕದಲ್ಲಿ ಆ ಪುಟ ಓದಿಯೇ ಅಂಗಡಿಗೆ ಹೋಗಿ.

ಹಾರ್ನಿಗೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇರುವ, ವಯರ್ ಕತ್ತರಿಸದೆ ಕಪ್ಲರ್‌ಗೆ (ವಯರ್ ತುದಿಯ ಪ್ಲಗ್‌ಗೆ) ಕಪ್ಲರ್ ಕೂರುವ ವಯರಿಂಗ್ ಕಿಟ್ ಸಿಗುತ್ತದೆ, ಅದನ್ನೇ ಕೇಳಿ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಸರ್ವಿಸ್‌ಗೆ ಬಿಡುವ ಮೊದಲು ಕಳಚಿಡಬಹುದು. ಡ್ಯಾಶ್‌ಕ್ಯಾಮ್‌ಗೆ ಕಾರಿನೊಳಗಿನ ಸಾಕೆಟ್ಟಿಗೆ ಚುಚ್ಚುವ ಚಾರ್ಜರ್ ಸಾಕು. ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ದೋಷ ಪತ್ತೆ ಮಾಡುವ ಉಪಕರಣ ಜೋಡಿಸುವ ಜಾಗಕ್ಕೆ) ಏನನ್ನೂ ಚುಚ್ಚಿ ಬಿಡಬೇಡಿ, ಸರ್ವಿಸ್‌ನವರು ಸ್ಕ್ಯಾನ್ ಮಾಡುವುದು ಅಲ್ಲಿಂದಲೇ.

ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಯಾರನ್ನೂ ಬಿಡಬೇಡಿ ಮಾರಾಯ್ರೆ. ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ, ಜೀವಕ್ಕೇ ಅಪಾಯ. ತುಕ್ಕು ಹಿಡಿಯದಿರಲಿ ಅಂತ ಕಾರಿನ ಅಡಿಭಾಗಕ್ಕೆ ಕೋಟಿಂಗ್ ಹೊಡೆಸುವುದು ನಮ್ಮಲ್ಲಿ ರೂಢಿ. ಅದನ್ನೂ ಕಂಪನಿಯವರನ್ನು ಕೇಳಿಯೇ ಮಾಡಿಸಿ, ದೊಡ್ಡ ಬ್ಯಾಟರಿ ಇರುವುದು ಅಲ್ಲೇ.

ಈಗಾಗಲೇ ಹಾಕಿಸಿ ಆಗಿದ್ದರೆ, ಮಳೆ ಹಿಡಿಯುವ ಮೊದಲು ಬಾನೆಟ್ ತೆರೆದು ಕಪ್ಪು ಟೇಪ್ ಎಲ್ಲೆಲ್ಲಿ ಸುತ್ತಿದ್ದಾರೆ ಅಂತ ಒಮ್ಮೆ ನೋಡಿ.