ಪ್ರತಿಕ್ರಿಯೆ: ಬೆಟ್ಟಿ ಬೂಪ್ ಕೂದಲು ಕೆಂಪಾಗಿದ್ದು ಯಾಕೆ?

ಕಾರ್ಟೂನ್ ಪಾತ್ರ ಬೆಟ್ಟಿ ಬೂಪ್ ಕೂದಲು ಕಪ್ಪಲ್ವಾ, 1934ರ ‘ಪೂರ್ ಸಿಂಡರೆಲಾ’ ಕಾರ್ಟೂನಿನಲ್ಲಿ ಮಾತ್ರ ಕೆಂಪು ಯಾಕೆ ಅಂತ ಕೇಳಿದ್ದೀರಿ. ಇದರ ಹಿಂದೆ ಡಿಸ್ನಿಯ ಒಂದು ಒಪ್ಪಂದ ಇದೆ.

ಮೂರು ಬಣ್ಣ ಸೇರಿಸಿ ಚಿತ್ರ ಮೂಡಿಸುವ ಟೆಕ್ನಿಕಲರ್ ವಿಧಾನ ಕಾರ್ಟೂನಿಗೆ ಬಂದದ್ದು 1932ರಲ್ಲಿ, ಡಿಸ್ನಿಯ ‘ಫ್ಲವರ್ಸ್ ಅಂಡ್ ಟ್ರೀಸ್’ ಮೂಲಕ. ಅದನ್ನು ಕಪ್ಪು-ಬಿಳುಪಿನಲ್ಲಿ ಶುರು ಮಾಡಿ, ಆಮೇಲೆ ಬಣ್ಣದಲ್ಲಿ ಮತ್ತೆ ಮಾಡಿದರು. ಖರ್ಚು ಜಾಸ್ತಿಯಾದರೂ ಆಸ್ಕರ್ ಬಂತು. ಟೆಕ್ನಿಕಲರ್ ಕಂಪನಿ ಜೊತೆಗಿನ ಒಪ್ಪಂದದಿಂದಾಗಿ 1935ರ ಕೊನೆಯವರೆಗೂ ಕಾರ್ಟೂನುಗಳಲ್ಲಿ ಆ ವಿಧಾನ ಡಿಸ್ನಿಯ ಕೈಯಲ್ಲೇ ಇತ್ತು.

ಹಾಗಾಗಿ ಬೆಟ್ಟಿಯನ್ನು ರೂಪಿಸಿದ ಫ್ಲೈಷರ್ ಸ್ಟುಡಿಯೋದವರು ಎರಡೇ ಬಣ್ಣದ ಸಿನಿಕಲರ್‌ನಲ್ಲಿ ಸುಧಾರಿಸಿಕೊಂಡರು. ಅದರಲ್ಲಿ ಇದ್ದದ್ದು ಕೆಂಪು-ಕಿತ್ತಳೆ ಮತ್ತು ನೀಲಿ-ಹಸಿರು, ಅಷ್ಟೇ. ಅಪ್ಪಟ ಹಳದಿ, ನೇರಳೆ ಸರಿಯಾಗಿ ಮೂಡುತ್ತಿರಲಿಲ್ಲ. ಕೆಂಪು ಮಾತ್ರ ಎದ್ದು ಕಾಣುತ್ತಿತ್ತು. ಅದನ್ನೇ ಕೂದಲಿಗೆ ಬಳಿದರು, ಜಾಣತನ ಅಂದರೆ ಇದು! ಮತ್ತೆ ನೋಡುವಾಗ ಹಿನ್ನೆಲೆಯ ಹಸಿರನ್ನು ಗಮನಿಸಿ, ಎಲ್ಲಾ ಸ್ವಲ್ಪ ನೀಲಿಗೆ ತಿರುಗಿರುತ್ತೆ.