ರೇಟ್ ಕೇಳಿದವರು ಎಲ್ಲಿ ಹೋದರು?

ಓದುಗರ ಪತ್ರ
(ಇಳಕಲ್ ಹತ್ತಿರದ ಊರಿನ ಓದುಗರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ.)

ನಮ್ಮ ಮನೆಯಲ್ಲಿ ಎರಡು ಕುಣಿ ಮಗ್ಗ (ಗುಂಡಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ) ಇವೆ. ಮಾವನವರು ಇಳಕಲ್ ಸೀರೆ ನೇಯುತ್ತಾರೆ. ಬಿ.ಕಾಂ. ಓದಿದ ಸೊಸೆ ಅಂತ ಮಾರಾಟದ ಕೆಲಸ ನನ್ನ ಪಾಲಿಗೆ ಬಂತು. ಇನ್‌ಸ್ಟಾಗ್ರಾಮ್‌ನಲ್ಲಿ ಪೇಜ್ ಮಾಡಿದ್ದೇನೆ. ಒಂದು ರೀಲ್ ಲಕ್ಷ ಜನ ನೋಡಿದರು. ಆ ತಿಂಗಳು ಮಾರಾಟವಾದದ್ದು ನಾಲ್ಕೇ ಸೀರೆ. ಎಲ್ಲರೂ ‘ರೇಟ್?’ ಅಂತ ಕೇಳುತ್ತಾರೆ, ಹೇಳಿದ ಮೇಲೆ ಸುದ್ದಿಯೇ ಇಲ್ಲ. ದುಡ್ಡು ಕೊಟ್ಟು ಫಾಲೋವರ್ಸ್ ತೊಗೊಳ್ಳೋಣ ಅಂತಾನೆ ಮೈದುನ. ಬೆಂಗಳೂರಿನ ಒಬ್ಬರು ವಿಡಿಯೋ ಮಾಡಿಕೊಡುತ್ತಾರಂತೆ, ಎರಡು ಸೀರೆ, ಮೇಲೆ ದುಡ್ಡು ಕೇಳುತ್ತಿದ್ದಾರೆ. ಮಾವನವರದು ಒಂದೇ ಮಾತು: ‘ಸೀರಿ ಮುಟ್ಟಿ ನೋಡಿ ತೊಗೊಳ್ಳೂದು, ಫೋನಿನ್ಯಾಗ ನೋಡಿ ಅಲ್ಲ.’ ಇದನ್ನು ಮುಂದುವರಿಸಲೋ ಬಿಡಲೋ? ಇನ್ನೊಂದು ವಿಷಯ. ನನ್ನ ತಮ್ಮ ಎಂಜಿನಿಯರಿಂಗ್ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸ ಹುಡುಕುತ್ತಿದ್ದಾನೆ. ಲಿಂಕ್ಡ್‌ಇನ್‌ನಲ್ಲಿ ದಿನಾ ಏನಾದರೂ ಬರೆಯಬೇಕು ಅಂತ ಅವನಿಗೆ ಯಾರೋ ಹೇಳಿದ್ದಾರೆ. ಹೌದಾ?

ಸಂಪಾದಕರ ಉತ್ತರ

ಸಹೋದರಿ,

ಬಿಡಬೇಡಿ. ಆದರೆ ಈಗಿನ ರೀತಿಯಲ್ಲೇ ಮುಂದುವರಿಸಲೂ ಬೇಡಿ.

ನಿಮ್ಮ ಪತ್ರದಲ್ಲಿ ಎಲ್ಲರಿಗಿಂತ ಸರಿಯಾಗಿ ಮಾತಾಡಿದವರು ನಿಮ್ಮ ಮಾವ. ಸೀರೆ ಮುಟ್ಟಿ ನೋಡಿಯೇ ಕೊಳ್ಳುವಂಥದ್ದು. ಅಂಗಡಿಯಲ್ಲಿ ಹೆಂಗಸರು ಏನು ಮಾಡುತ್ತಾರೆ ನೋಡಿ. ಸೆರಗು ಬಿಚ್ಚಿಸುತ್ತಾರೆ. ಎರಡು ಬೆರಳ ನಡುವೆ ಬಟ್ಟೆ ಹಿಡಿದು ತಿಕ್ಕುತ್ತಾರೆ. ಗಂಜಿ ಜಾಸ್ತಿ ಹಾಕಿದ್ದಾರಾ ಅಂತ ಅಂದಾಜು ಮಾಡುತ್ತಾರೆ. ಬಾಗಿಲ ತನಕ ಒಯ್ದು ಬಿಸಿಲಿಗೆ ಹಿಡಿಯುತ್ತಾರೆ. ಬಣ್ಣ ಬಿಡುತ್ತದಾ ಅಂತ ಕೇಳುತ್ತಾರೆ. ಫೋನಿನಲ್ಲಿ ನೋಡುವವಳಿಗೆ ಇದ್ಯಾವುದೂ ಆಗುವುದಿಲ್ಲ. ಅವಳ ಕೈಗೆ ತಿಳಿಯಬೇಕಾದದ್ದನ್ನೆಲ್ಲ ನೀವು ತೋರಿಸಬೇಕು, ಬಾಯಿಬಿಟ್ಟು ಹೇಳಬೇಕು. ನಿಮ್ಮ ಪೇಜಿನ ಮುಖ್ಯ ಕೆಲಸ ಇದು. ಅದೊಂದನ್ನೇ ನೀವು ಮಾಡಿಲ್ಲ.

ಪತ್ರ ಬಂದ ಮೇಲೆ ನಿಮ್ಮ ಪೇಜ್ ನೋಡಿದೆ. ಲಕ್ಷ ಜನ ನೋಡಿದ ಆ ರೀಲ್‌ನಲ್ಲಿ ನೀವು ಸೀರೆ ಉಟ್ಟು ಹೊಲದ ಬದುವಿನ ಮೇಲೆ ನಿಧಾನವಾಗಿ ನಡೆದು ಬರುತ್ತೀರಿ. ಹಿಂದೆ ಸಿನಿಮಾ ಹಾಡು. ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಆ ಲಕ್ಷ ಜನ ನೋಡಿದ್ದು ಹಾಡನ್ನು, ಹೊಲವನ್ನು, ನಿಮ್ಮನ್ನು. ಸೀರೆ ಕೈಮಗ್ಗದ್ದೋ ಪವರ್‌ಲೂಮ್‌ದೋ, ಒಡಲು ಹತ್ತಿಯೋ ಚಮಕಾನೋ (ಕೃತಕ ರೇಷ್ಮೆ), ಎಷ್ಟು ವಾರ (ಗಜ) ಉದ್ದ, ದಡಿ (ಅಂಚು) ಯಾವುದು, ಒಂದೂ ಗೊತ್ತಾಗಲಿಲ್ಲ. ಅದೇ ಪೇಜಿನ ಕೆಳಗೆ, ಯಾರೂ ಅಷ್ಟಾಗಿ ನೋಡದ ಇನ್ನೊಂದು ವಿಡಿಯೋ ಇದೆ. ಮಾವನವರು ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತು ಸೆರಗಿನ ಎಳೆ ಜೋಡಿಸುತ್ತಿದ್ದಾರೆ. ಹಾಡಿಲ್ಲ, ಯಾರೋ ಒಳಗಿಂದ ಚಹಾಕ್ಕೆ ಕರೆಯುವುದು ಕೇಳುತ್ತದೆ. ಅದರ ಕೆಳಗಿನ ಪ್ರಶ್ನೆಗಳನ್ನು ಓದಿದ್ದೀರಾ? ‘ಇದು ಎಂಟು ವಾರದ ಉದ್ದದಲ್ಲಿ ಸಿಗುತ್ತಾ?’ ‘ಸೆರಗು ಪ್ಯೂರ್ ಸಿಲ್ಕಾ?’ ‘ದೀಪಾವಳಿಗೆ ಮುಂಚೆ ಪುಣೆಗೆ ಕಳಿಸುತ್ತೀರಾ?’ ಇವರು ಕೊಳ್ಳುವ ಜನ. ಮೂವರಲ್ಲಿ ಇಬ್ಬರಿಗೆ ನೀವು ಉತ್ತರವನ್ನೇ ಕೊಟ್ಟಿಲ್ಲ.

ಆ ಎಳೆ ಜೋಡಿಸುವ ಕೆಲಸ ನಿಮಗೆ ದಿನಾ ನೋಡಿ ನೋಡಿ ಸಾಮಾನ್ಯವಾಗಿರಬಹುದು. ನಿಮ್ಮ ಸೀರೆಯ ಬೆಲೆ ಇರುವುದೇ ಅಲ್ಲಿ. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿದರೆ ತೋಪ ತೆನಿ ಸೆರಗು. ಹಾಗಾಗಿ ಇಳಕಲ್‌ನಲ್ಲಿ ಪ್ರತಿ ಸೀರೆಗೂ ಬೇರೆ ಹಾಸು ಹೂಡಬೇಕು. ಬೇರೆ ಕಡೆಯಂತೆ ಒಂದೇ ಉದ್ದ ಹಾಸಿನಲ್ಲಿ ಸಾಲಾಗಿ ನೇಯ್ದು ಕತ್ತರಿಸಲಾಗುವುದಿಲ್ಲ. ಇದನ್ನು ಮಾವನವರ ಬಾಯಲ್ಲೇ, ಅವರ ಮಾತಿನಲ್ಲೇ ಹೇಳಿಸಿ. ಅರ್ಧ ನಿಮಿಷ ಸಾಕು. ಆಮೇಲೆ ಸೆರಗಿನ ಹನಿಗೆ, ಕೋಟಿ ಕಮ್ಮಲಿ ವಿನ್ಯಾಸ ತೋರಿಸಿ. ಗೋಮಿ ದಡಿಗೂ ಗಾಡಿ ದಡಿಗೂ ಏನು ವ್ಯತ್ಯಾಸ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಬಟ್ಟೆಯ ಹಿಂಬದಿ ತೋರಿಸಿ. ಪಾಲಿಯೆಸ್ಟರ್ ಹಾಕಿ ಪವರ್‌ಲೂಮ್‌ನಲ್ಲಿ ಮಾಡಿದ ‘ಇಳಕಲ್’ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ನಿಮ್ಮದಕ್ಕೆ ಸಾವಿರಗಟ್ಟಲೆ ಯಾಕೆ ಕೊಡಬೇಕು ಎಂಬ ಪ್ರಶ್ನೆ ಕೊಳ್ಳುವವಳ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕೇಳಲು ಸಂಕೋಚ. ಆದ್ದರಿಂದ ಸುಮ್ನೆ ಹೋಗಿಬಿಡುತ್ತಾಳೆ. ರೇಟ್ ಕೇಳಿದವರು ಹೋದದ್ದು ಹೀಗೇ.

ಇಳಕಲ್ ಸೀರೆಗೆ ಜಿಐ ಟ್ಯಾಗ್ (ಆ ಪ್ರದೇಶದ್ದೇ ಎಂಬ ಭೌಗೋಳಿಕ ಗುರುತು) ಇದೆ. ಕೈಮಗ್ಗದ ಬಟ್ಟೆಗೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಕೇಂದ್ರ ಸರ್ಕಾರದ ಗುರುತೂ ಇದೆ. ನಿಮಗೆ ಅದು ಇದ್ದರೆ ಲೇಬಲ್‌ನ ಫೋಟೋ ಹಾಕಿ. ಇಲ್ಲದಿದ್ದರೆ ಕೈಮಗ್ಗ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಚಮಕಾ ಹಾಕಿದ್ದನ್ನು ಸಿಲ್ಕ್ ಅಂತ ಮಾತ್ರ ಯಾವತ್ತೂ ಬರೆಯಬೇಡಿ. ಚಮಕಾ ಅಂತಲೇ ಬರೆದು ಅದರ ರೇಟು ಹಾಕಿ. ಅದನ್ನು ಕೊಳ್ಳುವವರೂ ಬೇಕಾದಷ್ಟು ಇದ್ದಾರೆ.

ರೇಟಿನ ವಿಷಯ. ‘ಬೆಲೆಗೆ ಮೆಸೇಜ್ ಮಾಡಿ’ ಎಂದು ಪ್ರತಿ ಫೋಟೋ ಕೆಳಗೂ ಬರೆದಿದ್ದೀರಿ. ಎಲ್ಲರೂ ಹಾಗೇ ಬರೆಯುತ್ತಾರೆ, ನಿಜ. ನನಗೆ ಇದು ಸರಿ ಕಾಣುವುದಿಲ್ಲ. ಪಕ್ಕದ ಅಂಗಡಿಯವನಿಗೆ ನಮ್ಮ ರೇಟು ಗೊತ್ತಾಗಬಾರದು ಅಂತ ಈ ರೂಢಿ. ಅವನಿಗೆ ಗೊತ್ತಾಗದೇ ಇರುತ್ತದಾ? ಇನ್ನೊಂದು ಫೋನಿನಿಂದ ಕೇಳುತ್ತಾನೆ. ಅಷ್ಟರಲ್ಲಿ ನಿಜವಾದ ಗಿರಾಕಿ ‘ನನಗೆ ಎಷ್ಟು ಹೇಳುತ್ತಾರೋ, ಇನ್ನೊಬ್ಬಳಿಗೆ ಎಷ್ಟು ಹೇಳುತ್ತಾರೋ’ ಎಂದು ಹಿಂದೇಟು ಹಾಕಿರುತ್ತಾಳೆ. ಬೆಲೆ, ಅಂಚೆ ಖರ್ಚು, ಬ್ಲೌಸ್ ಪೀಸ್ ಇದೆಯೋ ಇಲ್ಲವೋ, ವಾಪಸ್ ತೊಗೊಳ್ಳುತ್ತೀರೋ ಇಲ್ಲವೋ, ನಾಲ್ಕನ್ನೂ ಫೋಟೋ ಕೆಳಗೇ ಬರೆಯಿರಿ. ಕೇಳುವವರು ಕಮ್ಮಿ ಆಗುತ್ತಾರೆ. ಕೇಳಿದವರು ಕೊಳ್ಳುತ್ತಾರೆ.

ಫೋಟೋ ಬೆಳಗಿನ ಬೆಳಕಿನಲ್ಲಿ, ಬಾಗಿಲ ಹತ್ತಿರ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ದಾಳಿಂಬೆ ಕೆಂಪು ಬೇರೆಯೇ ಆಗಿ ಕಾಣುತ್ತದೆ. ಫಿಲ್ಟರ್ ಹಾಕಲೇಬೇಡಿ. ಆನ್‌ಲೈನ್ ಸೀರೆ ವ್ಯಾಪಾರದ ಜಗಳದಲ್ಲಿ ದೊಡ್ಡ ಪಾಲು ‘ಫೋಟೋದಲ್ಲಿ ಇದ್ದ ಬಣ್ಣವೇ ಬೇರೆ’ ಎಂಬುದು. ಹಾಡಿನ ಬಗ್ಗೆ ಚಿಂತೆ ಬೇಡ. ಖಾತೆಯನ್ನು ಬಿಸಿನೆಸ್ ಖಾತೆ ಮಾಡಿದರೆ ಎಷ್ಟೋ ಸಿನಿಮಾ ಹಾಡು ಸಿಗುವುದಿಲ್ಲ, ಲೈಸೆನ್ಸ್ ತಕರಾರು. ಲಾಳಿಯ ಸದ್ದು ಇದೆಯಲ್ಲ. ಮಹಾರಾಷ್ಟ್ರದಲ್ಲಿ ನಿಮ್ಮ ಸೀರೆ ಉಡುವವರು ತುಂಬಾ ಜನ. ಅವರು ‘ಇರಕಲ್’ ಅಂತ ಹುಡುಕುತ್ತಾರೆ. ಹ್ಯಾಶ್‌ಟ್ಯಾಗ್‌ನಲ್ಲಿ ಅದೂ ಇರಲಿ. ಪಂಚಮಿ, ದಸರಾ, ಮದುವೆ ಹಂಗಾಮು, ಕುಬಸ (ಸೀಮಂತ), ಇವಕ್ಕೆ ಎಷ್ಟು ದಿನ ಮುಂಚೆ ಆರ್ಡರ್ ಕೊಡಬೇಕು ಅಂತ ಮೊದಲೇ ಹೇಳಿ. ಮಗ್ಗ ಎರಡೇ ಇವೆ ಅಂತಲೂ ಹೇಳಿ. ಅದರಲ್ಲಿ ನಾಚಿಕೆ ಏನಿದೆ?

ಇನ್ನು ಮೈದುನನ ಫಾಲೋವರ್ಸ್. ಬೇಡ, ಖಂಡಿತ ಬೇಡ. ದುಡ್ಡಿಗೆ ಬರುವ ಫಾಲೋವರ್ಸ್ ಮನುಷ್ಯರೇ ಅಲ್ಲ, ಅಥವಾ ಕನ್ನಡ ಗೊತ್ತಿಲ್ಲದ, ಸೀರೆ ಉಡದ ಯಾವುದೋ ಊರಿನ ಖಾತೆಗಳು. ಇನ್‌ಸ್ಟಾಗ್ರಾಮ್ ನಿಮ್ಮ ವಿಡಿಯೋವನ್ನು ಮೊದಲು ಒಂದಿಷ್ಟು ಜನಕ್ಕೆ ತೋರಿಸುತ್ತದೆ. ಅವರು ನಿಂತು ನೋಡಿದರೆ ಇನ್ನಷ್ಟು ಜನಕ್ಕೆ ತೋರಿಸುತ್ತದೆ. ಖೊಟ್ಟಿ ಖಾತೆಗಳು ನಿಂತು ನೋಡುವುದಿಲ್ಲ. ದುಡ್ಡು ಕೊಟ್ಟು ನಿಮ್ಮ ವಿಡಿಯೋವನ್ನು ನೀವೇ ಹಿಂದಕ್ಕೆ ತಳ್ಳಿದ ಹಾಗೆ.

ಬೆಂಗಳೂರಿನವರ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಅದೂ ಒಂದು ದುಡಿಮೆ. ಆದರೆ ಅವರ ಹಿಂಬಾಲಕರು ಯಾರು ಅಂತ ನೋಡಿ. ಮೇಕಪ್ ವಿಡಿಯೋ ನೋಡುವ ಕಾಲೇಜು ಹುಡುಗಿಯರೋ, ಕೈಮಗ್ಗದ ಸೀರೆ ಉಡುವ ಟೀಚರು, ಬ್ಯಾಂಕ್ ಉದ್ಯೋಗಿಗಳೋ? ಹಿಂದೆ ಅವರು ತೋರಿಸಿದ ಸೀರೆಯವರಿಗೆ ಫೋನ್ ಮಾಡಿ ಎಷ್ಟು ಹೋಯಿತು ಅಂತ ಕೇಳಿ. ಮತ್ತೆ, ಇದು ಜಾಹೀರಾತು ಎಂದು ವಿಡಿಯೋದಲ್ಲಿ ಸ್ಪಷ್ಟವಾಗಿ ಹೇಳಬೇಕು. ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಇದನ್ನೇ ಹೇಳಿವೆ. ಪುಕ್ಕಟೆ ಕೊಟ್ಟ ಸೀರೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹೆಸರು ಬೇಡ ಎಂದಿದ್ದೀರಿ, ಪೇಜಿನ ಹೆಸರನ್ನೂ ಇಲ್ಲಿ ಹಾಕಿಲ್ಲ; ಹಾಕಿದ್ದರೆ ಅದೂ ಜಾಹೀರಾತಿನ ಹಾಗೆ ಕಾಣುತ್ತಿತ್ತು, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಕೇಳಿದರೆ ಆ ಎರಡು ಸೀರೆಯ ದುಡ್ಡನ್ನು ಹಳೇ ಗಿರಾಕಿಗಳ ಮೇಲೆ ಹಾಕಿ. ಈ ತನಕ ಕೊಂಡವರ ಹೆಸರು, ಊರು, ಫೋನ್ ನಂಬರು, ಯಾವ ಬಣ್ಣ ಕೊಂಡರು, ಯಾಕೆ ಕೊಂಡರು (ಮಗಳ ಮದುವೆಗೋ, ತನಗೋ), ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೌದು, ಕಾಗದದ ನೋಟ್‌ಬುಕ್. ಇನ್‌ಸ್ಟಾಗ್ರಾಮ್ ನಿಮ್ಮ ಅಂಗಡಿ ಅಲ್ಲ, ಬಾಡಿಗೆ ಕಟ್ಟೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ನಂಬಿದವರ ಇಡೀ ಪರಿಚಯದ ಬಳಗ ಒಂದೇ ರಾತ್ರಿಯಲ್ಲಿ ಹೋಯಿತು. ಮರುವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಕಾಲ ನಿಂತುಹೋಗಿದ್ದವು. ಫೋನ್ ನಂಬರು ಇದ್ದವರು ಫೋನ್ ಮಾಡಿದರು.

ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಕ್ಯಾಟಲಾಗ್ ಮಾಡಿ ಸೀರೆ, ರೇಟು ಹಾಕಬಹುದು. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ, ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಅವರಿಗೆ ಸುದ್ದಿ ಮುಟ್ಟುತ್ತದೆ, ಹಾಗಾಗಿ ಪಾರ್ಸೆಲ್ ಒಳಗೆ ಒಂದು ಚೀಟಿ ಇಟ್ಟು ಸೇವ್ ಮಾಡಿಕೊಳ್ಳಲು ಹೇಳಿ. ಹೊಸ ಸೀರೆ ಮಗ್ಗದಿಂದ ಇಳಿದಾಗ ಮಾತ್ರ ಕಳಿಸಿ. ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸಿದರೆ ಬ್ಲಾಕ್ ಮಾಡುತ್ತಾರೆ, ನಾನಾದರೂ ಮಾಡುತ್ತೇನೆ.

ನೀವು ಕೇಳಿಲ್ಲ, ಆದರೂ ದುಡ್ಡಿನ ವಿಷಯ ಹೇಳಲೇಬೇಕು. ‘ನಾನು ಮಿಲಿಟರಿಯಲ್ಲಿದ್ದೇನೆ, ಹತ್ತು ಸೀರೆ ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತದೆ’ ಎಂದು ಒಂದಲ್ಲ ಒಂದು ದಿನ ಫೋನ್ ಬರುತ್ತದೆ. ದುಡ್ಡು ಬರಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಅಷ್ಟೇ. ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿದೆಯಾ ನೋಡಿ. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡ್ ಬಿದ್ದದ್ದು ನೀವೂ ಓದಿರುತ್ತೀರಿ. ಮನೆಯವರು ಕಳಿಸಿದ ದುಡ್ಡು, ಕೈಸಾಲ, ವ್ಯಾಪಾರದ ದುಡ್ಡು ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಯಾವುದು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ. ಎರಡು ಮಗ್ಗಕ್ಕೆ ಅದು ದೂರದ ಮಾತು. ಆದರೆ ಬೇರೆ ರಾಜ್ಯಕ್ಕೆ ಮಾರುವಾಗ ನಿಯಮ ಬೇರೆ. ಪುಣೆಯ ಆರ್ಡರ್ ಹಿಡಿಯುವ ಮೊದಲು ಒಬ್ಬ ಆಡಿಟರ್ ಹತ್ತಿರ ಕೂತು ಕೇಳಿಬಿಡಿ. ನೀವು ಬಿ.ಕಾಂ., ನನಗಿಂತ ಬೇಗ ತಿಳಿಯುತ್ತದೆ.

ತಮ್ಮನಿಗೆ ಹೇಳಿ: ದಿನಾ ಬರೆಯಬೇಕಾಗಿಲ್ಲ. ‘ಇಂದು ಸೋಲಿನಿಂದ ನಾನು ಕಲಿತ ಪಾಠ’ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯುವವರು ಈಗಾಗಲೇ ಸಾಕಷ್ಟಿದ್ದಾರೆ. ಕೆಲಸ ಕೊಡುವವರು ಅಲ್ಲಿ ಪದ ಹಾಕಿ ಹುಡುಕುತ್ತಾರೆ. ಹೆಸರಿನ ಕೆಳಗಿನ ಸಾಲಿನಲ್ಲಿ ‘ಕೆಲಸ ಹುಡುಕುತ್ತಿದ್ದೇನೆ’ ಎನ್ನುವ ಬದಲು ತನಗೆ ಬರುವ ಕೆಲಸದ ಹೆಸರು, ಸಾಫ್ಟ್‌ವೇರ್ ಹೆಸರು ಹಾಕಲಿ. ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ತಾನು ಮಾಡಿದ ಭಾಗ ಯಾವುದು ಎಂದು ನಾಲ್ಕು ಸಾಲು, ಜೊತೆಗೆ ಫೋಟೋ ಅಥವಾ ವಿಡಿಯೋ. ಅದೇ ಕಾಲೇಜಿನಲ್ಲಿ ಮುಂಚೆ ಓದಿ ಈಗ ಕೆಲಸದಲ್ಲಿರುವವರನ್ನು ಹುಡುಕಿ, ‘ಕೆಲಸ ಕೊಡಿಸಿ ಸರ್’ ಎನ್ನದೆ, ಅವರ ಕಂಪನಿಯಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸಲಿ. ಫೇಸ್‌ಬುಕ್‌ನಲ್ಲಿ ರಾಜಕೀಯದ ಜಗಳ ಇದ್ದರೆ ಅಲ್ಲಿ ಬೈಗುಳ ಅಳಿಸಲಿ, ಅಭಿಪ್ರಾಯ ಬೇಕಾದರೆ ಇಟ್ಟುಕೊಳ್ಳಲಿ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡಿಪಾಸಿಟ್ ಅಂತ ಯಾರಾದರೂ ದುಡ್ಡು ಕೇಳಿದರೆ, ಟೆಲಿಗ್ರಾಂನಲ್ಲಿ ವಿಡಿಯೋಗೆ ಲೈಕ್ ಒತ್ತಿದರೆ ಸಂಬಳ ಎಂದರೆ, ಅದು ಕೆಲಸವೇ ಅಲ್ಲ. ಅವನಿಗೂ 1930 ನಂಬರು ಕೊಟ್ಟಿರಿ.

ಇಂದು ಸಂಜೆ ಆ ಪುಣೆಯವರಿಗೆ ಉತ್ತರ ಬರೆಯಿರಿ, ದೀಪಾವಳಿ ದೂರ ಇಲ್ಲ.

– ಸಂಪಾದಕ