ಸೇನೆಯ ವಾಹನ, ಸಾಮಗ್ರಿಗಳನ್ನು ಸಮುದ್ರದಾಚೆ ಸಾಗಿಸಲು ಒಂದೇ ದೊಡ್ಡ ಹಡಗು ಸಾಕೇ, ಎರಡು ಸಣ್ಣವು ಬೇಕೇ?

ಒಂದೋ ಎರಡೋ ಎಂಬ ಈ ಲೆಕ್ಕದಲ್ಲೇ ನಾನೂ ಮುಳುಗಿದ್ದೆ. ಸಾಗಣೆ ವಿಭಾಗದಲ್ಲಿ ಹಡಗು ತುಂಬುವ ನಕ್ಷೆ ಸಿದ್ಧಪಡಿಸುವುದು ನನ್ನ ಕೆಲಸವಾಗಿತ್ತು. ಒಂದಡಿ ಜಾಗವೂ ಪೋಲಾಗದಂತೆ ಎಲ್ಲವನ್ನೂ ಒಂದೇ ಹಡಗಿನಲ್ಲಿ ಹಿಡಿಸಿದೆ. ಮೇಲಧಿಕಾರಿಗಳು ಮೆಚ್ಚಿದರು.

ಭಾರವಾದದ್ದು ತಳದಲ್ಲಿರಬೇಕು, ಇಲ್ಲದಿದ್ದರೆ ವಾಲಿದ ಹಡಗಿಗೆ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ನಿಯಮ ಸರಿಯೇ. ಅದನ್ನೇ ಹಿಡಿದು ಫೋರ್ಕ್‌ಲಿಫ್ಟ್‌ಗಳನ್ನೂ ಚಕ್ರದ ಕ್ರೇನನ್ನೂ ತಳಕ್ಕೆ ಇಳಿಸಿದೆ. ಮೇಲಿನ ಡೆಕ್‌ಗಳಲ್ಲಿ ಡೇರೆ, ಪಡಿತರ, ಔಷಧಿ. ತಲುಪಿದ ಬಂದರಿನಲ್ಲಿ ಎತ್ತುವ ಯಂತ್ರಗಳೇ ಇರಲಿಲ್ಲ. ಸರಕು ಸಾಗಿಸಬೇಕಾದ ಯಂತ್ರಗಳು ಸರಕಿನ ಅಡಿಯಲ್ಲೇ ಇದ್ದವು. ಹಡಗಿನ ಸ್ವಂತ ಕ್ರೇನ್ ಇಳಿಸಿದ್ದನ್ನು ಸರಿಸಲಾಗದೆ ಕಟ್ಟೆ ತುಂಬಿಹೋಯಿತು, ಕ್ರೇನೂ ನಿಂತಿತು. ಸೈನಿಕರು ಪೆಟ್ಟಿಗೆಗಳನ್ನು ಹೆಗಲ ಮೇಲೆ ಹೊತ್ತರು. ವಿಮಾನದಲ್ಲಿ ಮೊದಲೇ ಬಂದಿಳಿದವರು ಡೇರೆಯಿಲ್ಲದೆ ಬಯಲಿನಲ್ಲಿ ಮಲಗಿದರು. ಆ ಯಂತ್ರಗಳನ್ನು ಮೇಲಿನ ಡೆಕ್‌ನಲ್ಲಿ, ಸರಕು ಇಳಿಸಿ ಎತ್ತುವ ಬಾಯಿಯಾದ ಹ್ಯಾಚ್‌ನ ನೇರಕ್ಕೆ ನಿಲ್ಲಿಸಿ ಹಡಗಿನ ತಳದ ತೊಟ್ಟಿಗಳಿಗೆ ತುಂಬುವ ಬ್ಯಾಲಸ್ಟ್ ನೀರಿನಿಂದ ಭಾರವನ್ನು ಸರಿದೂಗಿಸಬಹುದಿತ್ತು. ಹಡಗಿನ ಮುಖ್ಯ ಅಧಿಕಾರಿಯನ್ನು ಕೇಳಿದ್ದರೆ ಅವರೇ ಲೆಕ್ಕ ಹಾಕಿ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಹೊರಡುವ ಬಂದರನ್ನು ಬಿಟ್ಟು ಮುಂದಿನದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದು ಮೊದಲು ಇಳಿಯಬೇಕು ಎಂಬ ಪಟ್ಟಿ ಬರೆಯಿರಿ. ಅದನ್ನು ತಲೆಕೆಳಗು ಮಾಡಿ ತುಂಬಿಸಿ. ಜಾಗ ಪೋಲಾದರೆ ಆಗಲಿ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ತುರ್ಕಿಯ ಗ್ಯಾಲಿಪೊಲಿಗೆ ಹೊರಟಿದ್ದ ಬ್ರಿಟಿಷ್ ಹಡಗುಗಳನ್ನು ಯುದ್ಧಕ್ಕೆ ತಕ್ಕ ಸರದಿಯಲ್ಲಿ ತುಂಬಿರಲಿಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾಕ್ಕೆ ಒಯ್ದು ಮತ್ತೆ ತುಂಬಬೇಕಾಯಿತು. ಏಪ್ರಿಲ್ 25ರಂದು ಪಡೆ ದಡಕ್ಕಿಳಿಯುವ ಹೊತ್ತಿಗೆ ತುರ್ಕರು ರಕ್ಷಣೆ ಬಲಪಡಿಸಿಕೊಂಡಿದ್ದರು. ಇಷ್ಟು ಹಳೆಯ ಪಾಠವನ್ನು ಇಂದಿಗೂ ಜಾಗದ ಲೆಕ್ಕ ನುಂಗಿಹಾಕುತ್ತದೆ ಎಂಬುದು ನನಗೆ ಸಿಟ್ಟು ತರಿಸುತ್ತದೆ.

ಹಡಗಿನ ಸಂಖ್ಯೆಯ ಬಗ್ಗೆ ಹೇಳಲೇಬೇಕೆಂದರೆ, ಒಂದೇ ಬಗೆಯ ಮುಖ್ಯ ವಸ್ತುವನ್ನು ಪೂರ್ತಿ ಒಂದೇ ಹಡಗಿಗೆ ಹಾಕಬೇಡಿ. 1982ರ ಮೇ 25ರಂದು ಅರ್ಜೆಂಟೀನಾ ವಿರುದ್ಧದ ಫಾಕ್ಲೆಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ಸಾಗಣೆ ಹಡಗು ‘ಅಟ್ಲಾಂಟಿಕ್ ಕನ್ವೇಯರ್’ಗೆ ಎಕ್ಸೊಸೆಟ್ ಕ್ಷಿಪಣಿ ಬಡಿದಾಗ ಅದರಲ್ಲಿದ್ದ ಮೂರು ಚಿನೂಕ್ ಎಂಬ ಭಾರೀ ಸಾಗಣೆ ಹೆಲಿಕಾಪ್ಟರ್‌ಗಳು ಸುಟ್ಟುಹೋದವು. ಆಗಲೇ ಹಾರಾಟದಲ್ಲಿದ್ದ ಒಂದು ಚಿನೂಕ್ ಮಾತ್ರ ಉಳಿಯಿತು. ಬ್ರಿಟಿಷ್ ಸೈನಿಕರಲ್ಲಿ ಹಲವರು ದ್ವೀಪವನ್ನು ಕಾಲ್ನಡಿಗೆಯಲ್ಲೇ ದಾಟಬೇಕಾಯಿತು.

ವಾಹನಗಳು ಹೆಚ್ಚಿದ್ದರೆ ಅವು ತಾವೇ ಓಡಿ ಇಳಿಯುವ ರೋ-ರೋ ಹಡಗನ್ನೇ ಕೇಳಿ. ಇಳಿಸುವ ಬಂದರಿನ ನೀರಿನ ಆಳ, ಕಟ್ಟೆಯ ಉದ್ದ, ಅಲ್ಲಿನ ಕ್ರೇನ್ ಎಷ್ಟು ಟನ್ ಎತ್ತುತ್ತದೆ ಎಂಬುದು ಕೈಗೆ ಬರುವವರೆಗೆ ಹಡಗಿನ ಒಪ್ಪಂದಕ್ಕೆ ಸಹಿ ಹಾಕಬೇಡಿ.